ಸೋವಿಯತ್ ಸಿನಿಮಾ: ಒಬ್ಬನೇ ನಿರ್ಮಾಪಕನಿದ್ದ ಚಿತ್ರರಂಗ

ನಮ್ಮ ಚಿತ್ರರಂಗದಲ್ಲಿ ದುಡ್ಡು ಹಾಕುವವನು ನಿರ್ಮಾಪಕ, ಊರೂರಿಗೆ ಕಳಿಸುವವನು ಹಂಚಿಕೆದಾರ, ತೋರಿಸುವವನು ಚಿತ್ರಮಂದಿರದ ಮಾಲೀಕ, ಕತ್ತರಿ ಇರುವುದು ಸೆನ್ಸಾರ್ ಮಂಡಳಿಯ ಕೈಯಲ್ಲಿ. ಸೋವಿಯತ್ ಒಕ್ಕೂಟದಲ್ಲಿ ಈ ನಾಲ್ಕೂ ಕೆಲಸ ಸರ್ಕಾರದ್ದೇ. 1919ರ ಆಗಸ್ಟ್ 27ರಂದು ಲೆನಿನ್ ಸಹಿ ಹಾಕಿದ ಆಜ್ಞೆ ಚಿತ್ರೋದ್ಯಮವನ್ನು ರಾಷ್ಟ್ರೀಕರಣ ಮಾಡಿತು. 1920ರ ದಶಕದಲ್ಲಿ ಒಂದಿಷ್ಟು ಸಡಿಲಿಕೆ ಇತ್ತು. ಅದನ್ನು ಬಿಟ್ಟರೆ 1980ರ ದಶಕದ ಕೊನೆಯವರೆಗೂ ಅಲ್ಲಿ ಬೇರೆ ನಿರ್ಮಾಪಕ ಇರಲಿಲ್ಲ.

ರಷ್ಯನ್ ಸಿನಿಮಾ ಎಂದ ಕೂಡಲೇ ಫಿಲ್ಮ್ ಸೊಸೈಟಿಗಳಲ್ಲಿ ಬೆಳೆದ ನಮ್ಮವರಿಗೆ ನೆನಪಾಗುವುದು ಇಬ್ಬರೇ ನಿರ್ದೇಶಕರು: ಐಸೆನ್‌ಸ್ಟೀನ್ ಮತ್ತು ತಾರ್ಕೋವ್‌ಸ್ಕಿ. ಆದರೆ ಅಲ್ಲಿನ ಜನ ಸರದಿಯಲ್ಲಿ ನಿಂತು ಟಿಕೆಟ್ ಕೊಂಡದ್ದು ಹಾಸ್ಯ, ಸಾಹಸ, ಪ್ರೇಮ, ಯುದ್ಧದ ಚಿತ್ರಗಳಿಗೆ. ಸೋವಿಯತ್ ಇತಿಹಾಸದಲ್ಲೇ ಅತಿ ಹೆಚ್ಚು ಟಿಕೆಟ್ ಮಾರಿದ ಸ್ವದೇಶಿ ಚಿತ್ರ ಕಡಲ್ಗಳ್ಳರ ಹೊಡೆದಾಟದ ‘ಪೈರೇಟ್ಸ್ ಆಫ್ ದಿ ಟ್ವೆಂಟಿಯತ್ ಸೆಂಚುರಿ’. 1980ರಲ್ಲಿ ತೆರೆ ಕಂಡ ಅದಕ್ಕೆ ಸುಮಾರು 8.7 ಕೋಟಿ ಪ್ರೇಕ್ಷಕರು. ಕವಿತೆಯಂಥ ಚಿತ್ರಕ್ಕೂ ಕಡಲ್ಗಳ್ಳರಿಗೂ ಹಣ ಬಂದದ್ದು ಒಂದೇ ಖಜಾನೆಯಿಂದ. ಆ ಖಜಾನೆ ಹೇಗೆ ಕೆಲಸ ಮಾಡುತ್ತಿತ್ತು ಎಂದು ಗೊತ್ತಾದರೆ, ಅಲ್ಲಿನ ಯುದ್ಧಚಿತ್ರ ಏಕೆ ಹಾಗಿದೆ, ಹಾಸ್ಯಚಿತ್ರ ಏಕೆ ಹೀಗಿದೆ ಎನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಡತದಿಂದ ತೆರೆಗೆ

ಕೇಂದ್ರದ ಚಲನಚಿತ್ರ ಇಲಾಖೆಯ ಹೆಸರು ಹಲವು ಸಲ ಬದಲಾಗಿದೆ. 1963ರ ನಂತರ ಅದು ಗೋಸ್‌ಕಿನೊ. ಕೈಕೆಳಗೆ ಮಾಸ್ಕೋದ ಮಾಸ್‌ಫಿಲ್ಮ್ ಮತ್ತು ಗೋರ್ಕಿ ಸ್ಟುಡಿಯೊ, ಲೆನಿನ್‌ಗ್ರಾಡಿನ ಲೆನ್‌ಫಿಲ್ಮ್, ಕೀವ್‌ನ ದೊವ್‌ಜೆಂಕೊ ಸ್ಟುಡಿಯೊ, ಜಾರ್ಜಿಯಾ, ಅರ್ಮೇನಿಯಾ, ಉಜ್ಬೇಕಿಸ್ತಾನ ಮೊದಲಾದ ಗಣರಾಜ್ಯಗಳ ಸ್ಟುಡಿಯೊಗಳು. ನಿರ್ದೇಶಕರು ಸಂಬಳದ ನೌಕರರು. ಬಹುತೇಕರು 1919ರಲ್ಲಿ ಮಾಸ್ಕೋದಲ್ಲಿ ಶುರುವಾದ, ಮುಂದೆ ವಿಜಿಕ್ ಎಂದು ಹೆಸರಾದ ಚಲನಚಿತ್ರ ಶಾಲೆಯಲ್ಲಿ ಓದಿದವರು.

ಕೆಲಸ ಶುರುವಾಗುವುದು ಕೆಲವೇ ಪುಟಗಳ ಅರ್ಜಿಯಿಂದ. ಅದು ಒಪ್ಪಿಗೆಯಾದರೆ ‘ಸಾಹಿತ್ಯಕ ಚಿತ್ರಕಥೆ’, ಅಂದರೆ ಕಥೆಯಂತೆ ಓದಿಸಿಕೊಂಡು ಹೋಗುವ ಪಠ್ಯ. ಅದನ್ನು ಮೊದಲು ಸ್ಟುಡಿಯೊದ ಸಂಪಾದಕರು ಓದುತ್ತಾರೆ, ಆಮೇಲೆ ಗೋಸ್‌ಕಿನೊ ಓದುತ್ತದೆ. ಅಲ್ಲಿಯೂ ಪಾರಾದರೆ ಶಾಟ್ ಶಾಟ್ ಆಗಿ ಬಿಡಿಸಿದ ‘ನಿರ್ದೇಶಕನ ಚಿತ್ರಕಥೆ’. ಎಷ್ಟು ಮೀಟರ್ ಫಿಲಂ, ಎಷ್ಟು ದಿನ, ಯಾವ ಸೆಟ್ ಎಂಬ ಲೆಕ್ಕ ಇದರ ಮೇಲೆ ನಿಲ್ಲುತ್ತದೆ. ಆಮೇಲೆ ನಟರ ಪರೀಕ್ಷಾ ಚಿತ್ರೀಕರಣ. ಅದನ್ನು ಸ್ಟುಡಿಯೊದ ಕಲಾ ಮಂಡಳಿ ಕೂತು ನೋಡಬೇಕು. ರಷ್ಯನ್ನರು ‘ಖುದ್‌ಸೊವೆತ್’ ಎನ್ನುವ ಈ ಮಂಡಳಿಯಲ್ಲಿ ಬೇರೆ ನಿರ್ದೇಶಕರು, ಲೇಖಕರು, ಸಂಪಾದಕರು ಇರುತ್ತಿದ್ದರು. ಎಷ್ಟೋ ಸಲ ಗೋಸ್‌ಕಿನೊ ಎದುರು ಚಿತ್ರದ ಪರವಾಗಿ ವಾದಿಸಿದವರೂ ಇವರೇ.

ಚಿತ್ರ ಮುಗಿದ ಮೇಲೆ ಗೋಸ್‌ಕಿನೊ ತಿದ್ದುಪಡಿಗಳ ಪಟ್ಟಿ ಕೊಡುತ್ತದೆ. ತಿದ್ದಿದ ಮೇಲೆ ದರ್ಜೆ ನಿಗದಿಯಾಗುತ್ತದೆ, ಆ ದರ್ಜೆಯೇ ನಿರ್ದೇಶಕನ ಸಂಭಾವನೆಯನ್ನೂ ತೀರ್ಮಾನಿಸುತ್ತದೆ. ಎಷ್ಟು ಪ್ರಿಂಟ್ ತೆಗೆಯಬೇಕು ಎನ್ನುವುದೂ ಅಲ್ಲಿಯೇ ನಿಶ್ಚಯ. ಅಧಿಕಾರಿಗಳಿಗೆ ಹಿಡಿಸದ ಚಿತ್ರವನ್ನು ಬಹಿರಂಗವಾಗಿ ನಿಷೇಧಿಸುವ ಅಗತ್ಯವೇ ಇಲ್ಲ. ಕೆಳದರ್ಜೆ ಕೊಟ್ಟು ಬೆರಳೆಣಿಕೆಯ ಪ್ರಿಂಟ್ ತೆಗೆದರೆ ಸಾಕು, ಅದು ಊರಾಚೆಯ ಕ್ಲಬ್ಬುಗಳಲ್ಲಿ ಓಡಿ ಮರೆಯಾಗುತ್ತದೆ. ತೀರಾ ಸಿಟ್ಟು ಬಂದರೆ ಚಿತ್ರವನ್ನು ‘ಪೋಲ್ಕಾ’ದ ಮೇಲೆ ಇಡುತ್ತಿದ್ದರು. ಪೋಲ್ಕಾ ಎಂದರೆ ಶೆಲ್ಫು. ನಾವು ‘ಡಬ್ಬದಲ್ಲೇ ಉಳಿಯಿತು’ ಎನ್ನುತ್ತೇವಲ್ಲ, ಅದೇ.

ಈ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವೂ ಇತ್ತು. ಚಿತ್ರ ಸೋತರೆ ಮನೆ ಮಾರುವ ಭಯ ಯಾರಿಗೂ ಇಲ್ಲ. ಸೆರ್ಗೆಯ್ ಬೊಂದಾರ್ಚುಕ್ ‘ವಾರ್ ಅಂಡ್ ಪೀಸ್’ ಅನ್ನು ನಾಲ್ಕು ಭಾಗಗಳಲ್ಲಿ ಸುಮಾರು ಏಳು ಗಂಟೆ ಉದ್ದಕ್ಕೆ ಮಾಡಿದರು. ಯುದ್ಧದ ದೃಶ್ಯಗಳಿಗೆ ಸೈನ್ಯದಿಂದಲೇ ಸಾವಿರಾರು ಯೋಧರು ಬಂದರು, ವಸ್ತುಸಂಗ್ರಹಾಲಯಗಳಿಂದ ಪೀಠೋಪಕರಣಗಳು ಬಂದವು. ಇಷ್ಟೆಲ್ಲ ಇದ್ದೂ ಅವರನ್ನು ಕಾಡಿದ್ದು ಸ್ವದೇಶಿ 70 ಎಂಎಂ ಕಚ್ಚಾ ಫಿಲಂ. ಅದರಲ್ಲಿ ದೋಷಗಳಿದ್ದವು, ತೆಗೆದ ದೃಶ್ಯಗಳನ್ನೇ ಮತ್ತೆ ತೆಗೆಯಬೇಕಾಗುತ್ತಿತ್ತು. ಸೋವಿಯತ್ ಸಿನಿಮಾದ ಕಥೆಯಲ್ಲಿ ಈ ಕಚ್ಚಾ ಫಿಲಂ ಮತ್ತೆ ಮತ್ತೆ ಎದುರಾಗುತ್ತದೆ. ಯಾವ ಅಧಿಕಾರಿಗೂ ಕಡಿಮೆಯಿಲ್ಲದಷ್ಟು ಪ್ರಭಾವ ಅದರದು.

ಫಿಲಂ ಇಲ್ಲದ ಶಾಲೆ, ಸಂಕಲನದ ಹುಟ್ಟು

ಕ್ರಾಂತಿಯ ನಂತರದ ಅಂತರ್ಯುದ್ಧದ ಕಾಲದಲ್ಲಿ ಕಚ್ಚಾ ಫಿಲಂ ಸಿಗುತ್ತಲೇ ಇರಲಿಲ್ಲ. ಮಾಸ್ಕೋದ ಚಲನಚಿತ್ರ ಶಾಲೆಯಲ್ಲಿ ಕಲಿಸುತ್ತಿದ್ದ ನಿರ್ದೇಶಕ ಲೆವ್ ಕುಲೆಶೋವ್ ತಮ್ಮ ವಿದ್ಯಾರ್ಥಿಗಳಿಂದ ‘ಫಿಲಂ ಇಲ್ಲದ ಫಿಲಂ’ ಆಡಿಸುತ್ತಿದ್ದರು: ಕ್ಯಾಮೆರಾ ಇದೆ ಎಂದುಕೊಂಡು ಶಾಟ್‌ಗಳನ್ನು ರಂಗದ ಮೇಲೆ ಅಭಿನಯಿಸುವುದು. ಇದ್ದ ಹಳೆಯ ತುಣುಕುಗಳನ್ನು ಕತ್ತರಿಸಿ, ಬೇರೆ ಬೇರೆ ಕ್ರಮದಲ್ಲಿ ಅಂಟಿಸಿ ನೋಡುತ್ತಿದ್ದರು. ಅವರ ಹೆಸರಾಂತ ಪ್ರಯೋಗ ಹುಟ್ಟಿದ್ದು ಹೀಗೆ. ನಟ ಇವಾನ್ ಮೊಜುಖಿನ್‌ನ ಭಾವವಿಲ್ಲದ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಇನ್ನೊಮ್ಮೆ ಆಡುವ ಮಗುವಿನ ಪಕ್ಕ ಜೋಡಿಸಿದರು. ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ವಾತ್ಸಲ್ಯ ಕಂಡರು. ಇದನ್ನು ಬರೆದಿಟ್ಟವರು ಶಿಷ್ಯ ಪುಡೋವ್‌ಕಿನ್. ಪ್ರಯೋಗದ ತುಣುಕು ಮಾತ್ರ ಉಳಿದಿಲ್ಲ. ಅರ್ಥ ಶಾಟಿನೊಳಗೆ ಇಲ್ಲ, ಎರಡು ಶಾಟ್ ಕೂಡುವ ಜಾಗದಲ್ಲಿ ಇದೆ ಎಂಬುದು ಅವರು ಕಂಡುಕೊಂಡ ತತ್ವ. ಸಂಕಲನಕ್ಕೆ ‘ಮೊಂಟಾಜ್’ ಎಂಬ ಮಾತು ಇಂದು ಎಲ್ಲ ಕಡೆ ಬಳಕೆಯಲ್ಲಿರುವುದು ಇದರಿಂದಲೇ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು 1905ರ ನೌಕಾದಂಗೆಯ ಕಥೆ ಹೇಳುವ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರದ (1925) ಒಡೆಸ್ಸಾ ಮೆಟ್ಟಿಲುಗಳ ದೃಶ್ಯವನ್ನು, ಅಂದರೆ ಆ ಬಂದರು ನಗರದಲ್ಲಿ ಸೇರಿದ ಜನರತ್ತ ಸೈನಿಕರು ಗುಂಡು ಹಾರಿಸುವುದನ್ನು, ನಿಧಾನವಾಗಿ ನೋಡಿ. ಆ ಮೆಟ್ಟಿಲುಗಳು ನಿಜವಾಗಿಯೂ ಇವೆ, ಈಗ 192 ಮೆಟ್ಟಿಲು. ಚಿತ್ರದಲ್ಲಿ ಜನ ಓಡುತ್ತಲೇ ಇರುತ್ತಾರೆ, ಮೆಟ್ಟಿಲು ಮುಗಿಯುವುದೇ ಇಲ್ಲ. ಕಾರಣ, ಐಸೆನ್‌ಸ್ಟೀನ್ ಒಂದೇ ಓಟವನ್ನು ಹಲವು ಕೋನಗಳಿಂದ ತೆಗೆದು ಒಂದರ ಮೇಲೊಂದು ಹೇರಿದ್ದಾರೆ, ಕಾಲವನ್ನು ಎಳೆದು ಹಿಗ್ಗಿಸಿದ್ದಾರೆ. ಸೈನಿಕರ ಬೂಟು ಒಂದೇ ಲಯದಲ್ಲಿ ಇಳಿಯುತ್ತದೆ. ಜನರ ಓಟಕ್ಕೆ ಲಯವೇ ಇಲ್ಲ. ಮಗುವನ್ನು ಎತ್ತಿಕೊಂಡ ತಾಯಿ ಒಬ್ಬಳೇ ಮೇಲಕ್ಕೆ, ಸೈನಿಕರ ಎದುರಿಗೆ ಹೋಗುತ್ತಾಳೆ. ದಿಕ್ಕು, ಲಯ, ಗಾತ್ರ ಮೂರರಲ್ಲೂ ಶಾಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಮೇಲೆ ಬರುವ ಮೂರು ಕಲ್ಲಿನ ಸಿಂಹಗಳನ್ನು ಗಮನಿಸಿ: ಮಲಗಿದ್ದು, ತಲೆಯೆತ್ತಿದ್ದು, ಎದ್ದದ್ದು. ಅವು ಒಡೆಸ್ಸಾದವಲ್ಲ, ಕ್ರೈಮಿಯಾದ ಅಲುಪ್ಕಾ ಅರಮನೆಯ ಮೂರು ಬೇರೆ ಬೇರೆ ವಿಗ್ರಹಗಳು. ಒಂದರ ಹಿಂದೆ ಒಂದು ಬಂದಾಗ ಕಲ್ಲೇ ಎದ್ದು ಗರ್ಜಿಸಿದ ಹಾಗೆ ಕಾಣುತ್ತದೆ. ಅಂದ ಹಾಗೆ 1905ರಲ್ಲಿ ಒಡೆಸ್ಸಾದಲ್ಲಿ ಗುಂಡೇಟಿಗೆ ಜನ ಸತ್ತದ್ದು ನಿಜ, ಮೆಟ್ಟಿಲ ಮೇಲಿನ ಈ ಹತ್ಯಾಕಾಂಡ ಮಾತ್ರ ಸಿನಿಮಾದ್ದು. ಅದನ್ನು ಇತಿಹಾಸ ಎಂದೇ ನಂಬಿದವರು ಬಹಳ.

ಜಿಗಾ ವರ್ತೋವ್ ಕಥೆ, ನಟರು ಎರಡೂ ಬೇಡ ಎಂದವರು. ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ (1929) ನಗರವೊಂದರ ಒಂದು ದಿನದಂತೆ ಕಾಣುತ್ತದೆ, ಆದರೆ ಅದು ಹಲವು ನಗರಗಳನ್ನು ಹೊಲಿದು ಮಾಡಿದ್ದು. ಅದರಲ್ಲಿ ಸಂಕಲನಕಾರ್ತಿ ಎಲಿಜವೆತಾ ಸ್ವಿಲೊವಾ ಮೇಜಿನ ಮುಂದೆ ಕೂತು ಫಿಲಂ ಪಟ್ಟಿಗಳನ್ನು ಆರಿಸುವುದನ್ನೇ ತೋರಿಸುತ್ತಾರೆ. ಓಡುತ್ತಿದ್ದ ಚಿತ್ರ ತಟಕ್ಕನೆ ನಿಂತು, ಅದೇ ಮುಖ ಫಿಲಂ ಪಟ್ಟಿಯ ಚೌಕವಾಗಿ ಅವರ ಕೈಯಲ್ಲಿ ಕಾಣುವ ಆ ಕ್ಷಣಕ್ಕಿಂತ ಸ್ಪಷ್ಟವಾಗಿ ಸಿನಿಮಾ ಎಂದರೇನು ಎಂದು ಬೇರೆ ಯಾವ ಪಾಠವೂ ಹೇಳಿಕೊಟ್ಟಿಲ್ಲ.

ಹಾಡು, ನಗು ಮತ್ತು ಒಣಗಿದ ವರ್ಷಗಳು

1934ರಲ್ಲಿ ಸಮಾಜವಾದಿ ವಾಸ್ತವವಾದ ಅಧಿಕೃತ ಮಾರ್ಗವಾಯಿತು. ಸಂಕಲನದ ಪ್ರಯೋಗಗಳಿಗೆ ‘ಆಕಾರವಾದ’, ಅಂದರೆ ವಸ್ತುವಿಗಿಂತ ರೂಪಕ್ಕೇ ಬೆಲೆ ಕೊಡುತ್ತವೆ, ಎಂಬ ಆರೋಪ ಬಂತು. ಕೋಟಿ ಜನಕ್ಕೆ ಅರ್ಥವಾಗುವ, ನಾಯಕನಿರುವ, ಆಶಾವಾದದ ಕಥೆ ಬೇಕೆಂದರು. ಅದೇ ವರ್ಷ ಬಂದ, ಅಂತರ್ಯುದ್ಧದ ಸೇನಾನಿಯೊಬ್ಬನ ಕಥೆಯ ‘ಚಪಾಯೆವ್’ ಇದಕ್ಕೆ ಮಾದರಿಯಾಯಿತು. ಗ್ರಿಗೋರಿ ಅಲೆಕ್ಸಾಂದ್ರೋವ್ ಹಾಡು-ಕುಣಿತದ ಹಾಸ್ಯಚಿತ್ರಗಳನ್ನು ಮಾಡಿದರು: ‘ಜಾಲಿ ಫೆಲೋಸ್’ (1934), ‘ಸರ್ಕಸ್’ (1936), ‘ವೋಲ್ಗಾ ವೋಲ್ಗಾ’ (1938). ನಟಿ ಲ್ಯುಬೋವ್ ಓರ್ಲೊವಾ, ಸಂಗೀತ ಇಸಾಕ್ ದುನಾಯೆವ್‌ಸ್ಕಿ. ಹೊರಗೆ ಸ್ಟಾಲಿನ್ ಆಡಳಿತದ ಬಂಧನಗಳು ನಡೆಯುತ್ತಿದ್ದ ವರ್ಷಗಳಲ್ಲೇ ತೆರೆಯ ಮೇಲೆ ಇಷ್ಟು ಬೆಳಕು ಇತ್ತು ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವನ್ನು ನೋಡಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಟಾಲಿನ್‌ಗೆ ಸಂಖ್ಯೆ ಬೇಡವಾಯಿತು; ಕಡಿಮೆ ಚಿತ್ರ ಮಾಡಿ, ಎಲ್ಲವೂ ಮೇರುಕೃತಿಯಾಗಿರಲಿ ಎಂಬ ನೀತಿ. ಒಂದೊಂದು ಚಿತ್ರಕಥೆಯನ್ನೂ ಹತ್ತಾರು ಕಣ್ಣು ಓದತೊಡಗಿದವು, ಯಾರೂ ಸಹಿ ಹಾಕುವ ಧೈರ್ಯ ಮಾಡಲಿಲ್ಲ. 1951ರಲ್ಲಿ ಅಷ್ಟು ದೊಡ್ಡ ದೇಶ ಮಾಡಿದ್ದು ಒಂಬತ್ತು ಕಥಾಚಿತ್ರ. 1980ರ ಹೊತ್ತಿಗೆ ವರ್ಷಕ್ಕೆ ಸುಮಾರು 150 ಬರುತ್ತಿದ್ದವು ಎಂದರೆ ಆ ಬರ ಎಂಥದೆಂದು ತಿಳಿಯುತ್ತದೆ.

ಖಾಲಿ ತೆರೆ ತುಂಬಲು ಹೊರಗಿನ ಚಿತ್ರಗಳೂ ಬೇಕಾದವು. 1954ರಲ್ಲಿ ಬಿಡುಗಡೆಯಾದ ರಾಜ್ ಕಪೂರ್‌ರ ‘ಆವಾರಾ’ವನ್ನು ಅಲ್ಲಿ ಸುಮಾರು 6.4 ಕೋಟಿ ಜನ ನೋಡಿದರು. ಅದರ ಬೆನ್ನಿಗೆ ಎರಡು ದೇಶ ಸೇರಿ ಮಾಡಿದ ಚಿತ್ರ ‘ಪರದೇಸಿ’ (1957); ನಿರ್ದೇಶನ ಕೆ.ಎ. ಅಬ್ಬಾಸ್ ಮತ್ತು ವಸಿಲಿ ಪ್ರೋನಿನ್. ಅದರ ನಾಯಕ ಅಫನಾಸಿ ನಿಕಿತಿನ್ ಹದಿನೈದನೆಯ ಶತಮಾನದಲ್ಲಿ ತ್ವೇರ್ ಪಟ್ಟಣದಿಂದ ಹೊರಟು ಬಹಮನಿಗಳ ಬೀದರ್ ತನಕ ಬಂದ ವ್ಯಾಪಾರಿ. ಕುದುರೆ ಮಾರಲು ಬಂದವನು ಬೀದರ್‌ನ ಸುಲ್ತಾನನ ಮೆರವಣಿಗೆ, ಸಂತೆ, ಜನರ ಊಟ ಉಡುಗೆ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಸೋವಿಯತ್ ಸಿನಿಮಾಕ್ಕೂ ಕರ್ನಾಟಕಕ್ಕೂ ಇರುವ ಹಳೆಯ ಎಳೆ ಇದು.

ಯುದ್ಧ: ತೀರದ ಲೆಕ್ಕ

ಸ್ಟಾಲಿನ್ ಸತ್ತ ಮೇಲಿನ ಸಡಿಲಿಕೆಯಲ್ಲಿ ಮೊದಲು ಬದಲಾದದ್ದು ಯುದ್ಧಚಿತ್ರ. ಅದುವರೆಗೆ ತೆರೆಯ ಮೇಲೆ ಸೇನಾಪತಿಗಳು ನಕಾಶೆ ನೋಡುತ್ತಿದ್ದರು. ಮಿಖಾಯಿಲ್ ಕಲಾತೊಜೋವ್‌ರ ‘ದಿ ಕ್ರೇನ್ಸ್ ಆರ್ ಫ್ಲೈಯಿಂಗ್’ (1957) ಯುದ್ಧಕ್ಕೆ ಹೋದವನಿಗಾಗಿ ಕಾಯುತ್ತ, ಕಾಯಲಾಗದೆ ಸೋತ ಹುಡುಗಿಯ ಕಥೆ ಹೇಳಿತು. 1958ರಲ್ಲಿ ಕಾನ್ ಚಲನಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಛಾಯಾಗ್ರಾಹಕ ಸೆರ್ಗೆಯ್ ಉರುಸೆವ್‌ಸ್ಕಿ ಯುದ್ಧದ ಮುಂಚೂಣಿಯಲ್ಲೇ ಕ್ಯಾಮೆರಾ ಹಿಡಿದು ಕೆಲಸ ಮಾಡಿದವರು.

ಆ ಚಿತ್ರದ ಒಂದೇ ಒಂದು ಶಾಟನ್ನು ಹತ್ತಿರದಿಂದ ನೋಡಿ. ವೆರೊನಿಕಾ ಪ್ರಿಯಕರನನ್ನು ಬೀಳ್ಕೊಡಲು ತಡವಾಗಿ ಬಸ್ಸಿನಲ್ಲಿ ಬರುತ್ತಿದ್ದಾಳೆ. ಕ್ಯಾಮೆರಾ ಬಸ್ಸಿನೊಳಗೆ ಅವಳ ಮುಖದ ಹತ್ತಿರ ಇದೆ. ಬಸ್ಸು ನಿಂತಿತು, ಅವಳು ಇಳಿದಳು, ಅವಳ ಹಿಂದೆಯೇ ಕ್ಯಾಮೆರಾವೂ ಕೈಯಲ್ಲೇ ಇಳಿದು ಜನಜಂಗುಳಿಗೆ ನುಗ್ಗುತ್ತದೆ. ಆಮೇಲೆ ಕಟ್ ಇಲ್ಲದೆಯೇ ಅದು ಮೇಲೆದ್ದು ಹೋಗುತ್ತದೆ; ಕೆಳಗೆ ಟ್ಯಾಂಕುಗಳ ಸಾಲಿನ ನಡುವೆ ಅವಳು ಚಿಕ್ಕ ಚುಕ್ಕೆಯಾಗಿ ಓಡುತ್ತಿದ್ದಾಳೆ. ಛಾಯಾಗ್ರಾಹಕ ಕ್ಯಾಮೆರಾ ಹಿಡಿದುಕೊಂಡೇ ಬಸ್ಸಿನಿಂದ ಇಳಿದು ಕ್ರೇನ್ ಹತ್ತಿದ್ದಾನೆ. ಹಗುರವಾದ ಕೈಕ್ಯಾಮೆರಾ ಇಲ್ಲದಿದ್ದರೆ, ವಾರಗಟ್ಟಲೆ ತಾಲೀಮು ಮಾಡಿಸುವ ಬಿಡುವು ಇಲ್ಲದಿದ್ದರೆ ಈ ಶಾಟ್ ಆಗುತ್ತಿರಲಿಲ್ಲ.

ಗ್ರಿಗೋರಿ ಚುಖ್ರಾಯ್‌ರ ‘ಬ್ಯಾಲಡ್ ಆಫ್ ಎ ಸೋಲ್ಜರ್’ (1959), ತಾರ್ಕೋವ್‌ಸ್ಕಿಯ ‘ಇವಾನ್ಸ್ ಚೈಲ್ಡ್‌ಹುಡ್’ (1962), ಲರೀಸಾ ಶೆಪಿಟ್ಕೊ ಮಾಡಿದ, 1977ರಲ್ಲಿ ಬರ್ಲಿನ್‌ನ ಗೋಲ್ಡನ್ ಬೇರ್ ಗೆದ್ದ ‘ದಿ ಅಸೆಂಟ್’ ಇದೇ ದಾರಿಯವು. ಕೊನೆಯದು ‘ಕಮ್ ಅಂಡ್ ಸೀ’ (1985), ಶೆಪಿಟ್ಕೊ ಅವರ ಪತಿ ಎಲೆಮ್ ಕ್ಲಿಮೋವ್ ಮಾಡಿದ್ದು. ಬೆಲಾರುಸ್‌ನಲ್ಲಿ ನಾಜಿಗಳು ಜನರ ಸಮೇತ ಸುಟ್ಟ 628 ಹಳ್ಳಿಗಳ ನೆನಪಿನ ಚಿತ್ರ. 1977ರ ಹೊತ್ತಿಗೇ ತಯಾರಿ ನಡೆದಿತ್ತು, ಗೋಸ್‌ಕಿನೊ ತಡೆಯಿತು. ವಿಜಯದ ನಲವತ್ತನೆಯ ವರ್ಷ ಸಮೀಪಿಸಿದಾಗಷ್ಟೇ ದಾರಿ ಬಿಟ್ಟಿತು. ಕಥೆ ನಡೆಯುವ ಕ್ರಮದಲ್ಲೇ ಚಿತ್ರೀಕರಣ ಮಾಡಿದರು, ಕೆಲವು ದೃಶ್ಯಗಳಲ್ಲಿ ನಿಜವಾದ ಗುಂಡುಗಳನ್ನೇ ಬಳಸಿದರು. ಬಾಂಬು ಬಿದ್ದ ಮೇಲೆ ಹುಡುಗನ ಕಿವಿ ಮಂದವಾದಾಗ ನಮಗೂ ಮಾತು ಸರಿಯಾಗಿ ಕೇಳುವುದಿಲ್ಲ. ಕಿವಿಯೊಳಗಿನ ಗುಂಯ್ಗುಡುವಿಕೆ ಮಾತ್ರ ಕೇಳುತ್ತದೆ. ಯುದ್ಧವನ್ನು ನೋಡುವ ಜಾಗದಿಂದ ಅನುಭವಿಸುವ ಜಾಗಕ್ಕೆ ಪ್ರೇಕ್ಷಕನನ್ನು ಸರಿಸುವುದು ಈ ಧ್ವನಿಯೇ.

ಹಾಸ್ಯದ ಜಾಣತನ

ಲಿಯೊನಿದ್ ಗೈದಾಯ್ ಮೂಕಿ ಚಿತ್ರಗಳ ಓಟ-ಬೀಳುಗಳನ್ನು 1960ರ ದಶಕಕ್ಕೆ ತಂದರು. ‘ಆಪರೇಷನ್ ವೈ’ (1965), ‘ಕಿಡ್ನ್ಯಾಪಿಂಗ್, ಕಕೇಶಿಯನ್ ಸ್ಟೈಲ್’ (1967), ‘ದಿ ಡೈಮಂಡ್ ಆರ್ಮ್’ (1969). ಮೂರನೆಯದು ಕೈಗೆ ಹಾಕಿದ ಪ್ಲಾಸ್ಟರಿನೊಳಗೆ ವಜ್ರ ಅಡಗಿಸುವ ಕಳ್ಳಸಾಗಣೆಯ ಕಥೆ, ಸುಮಾರು 7.6 ಕೋಟಿ ಪ್ರೇಕ್ಷಕರು. ನಾಯಕ ಯೂರಿ ನಿಕುಲಿನ್ ಸರ್ಕಸ್ಸಿನ ವಿದೂಷಕ. ಈ ಚಿತ್ರದ ಕೊನೆಗೆ ಗೈದಾಯ್ ಬೇಕೆಂದೇ ಅಣುಬಾಂಬ್ ಸ್ಫೋಟದ ತುಣುಕು ಅಂಟಿಸಿದರು, ಸಮಿತಿ ಅದರ ಮೇಲೆ ಮುಗಿಬಿದ್ದು ಉಳಿದ ಚೇಷ್ಟೆಗಳನ್ನು ಬಿಟ್ಟುಬಿಟ್ಟಿತು ಎಂದು ರಷ್ಯನ್ ಸಿನಿಮಾದವರು ಇಂದಿಗೂ ಹೇಳುತ್ತಾರೆ. ಕತ್ತರಿಸಲೆಂದೇ ಒಂದು ದೃಶ್ಯ ಇಡುವ ಈ ಉಪಾಯ ಪದ್ಧತಿಯನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು.

ಎಲ್ದಾರ್ ರ್ಯಾಜಾನೋವ್ ದಾರಿ ಬೇರೆ, ಅವರಲ್ಲಿ ನಗುವಿನ ಅಡಿಯಲ್ಲಿ ಒಂಟಿತನ ಇರುತ್ತದೆ. 1976ರ ಜನವರಿ 1ರಂದು ಟಿವಿಯಲ್ಲಿ ಬಂದ ‘ದಿ ಐರನಿ ಆಫ್ ಫೇಟ್’ ಇಂದಿಗೂ ಹೊಸ ವರ್ಷಕ್ಕೆ ಪ್ರಸಾರವಾಗುತ್ತದೆ. ಕುಡಿದ ವೈದ್ಯನೊಬ್ಬ ಮಾಸ್ಕೋ ಬದಲು ಲೆನಿನ್‌ಗ್ರಾಡಿನಲ್ಲಿ ಇಳಿದು, ಮನೆ ವಿಳಾಸ ಹೇಳುತ್ತಾನೆ: ಮೂರನೆಯ ಕಟ್ಟಡ ಕಾರ್ಮಿಕರ ಬೀದಿ, 25, ಫ್ಲ್ಯಾಟ್ 12. ಅಲ್ಲಿಯೂ ಅದೇ ಬೀದಿ, ಅದೇ ಕಟ್ಟಡ, ಬೀಗಕ್ಕೆ ಅವನದೇ ಕೀಲಿ ಕೂರುತ್ತದೆ. ದೇಶದ ತುಂಬ ಒಂದೇ ಅಚ್ಚಿನ ಫ್ಲ್ಯಾಟ್‌ಗಳನ್ನು ಕಟ್ಟಿದ್ದು ಗೊತ್ತಿದ್ದರೆ ಈ ನಗು ಎಷ್ಟು ಆಳಕ್ಕೆ ಇಳಿಯುತ್ತದೆಂದು ತಿಳಿಯುತ್ತದೆ. ನಾಯಕಿ ಬಾರ್ಬರಾ ಬ್ರಿಲ್ಸ್ಕಾ ಪೋಲೆಂಡಿನವರು. ಮಾತು ಇನ್ನೊಬ್ಬ ನಟಿಯದು, ಹಾಡಿದವರು ಅಲ್ಲಾ ಪುಗಚೋವಾ. ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದು ತೊಡಕಾಗುವುದಿಲ್ಲ.

ಸಾಹಸಚಿತ್ರಗಳಲ್ಲಿ ‘ವೈಟ್ ಸನ್ ಆಫ್ ದಿ ಡೆಸರ್ಟ್’ (1970) ಒಂದನ್ನಾದರೂ ನೋಡಲೇಬೇಕು. ಅಮೆರಿಕದ ಕೌಬಾಯ್ ಚಿತ್ರದ ಚೌಕಟ್ಟಿಗೆ ಮಧ್ಯ ಏಷ್ಯಾದ ಮರಳು, ಅಂತರ್ಯುದ್ಧ ಮುಗಿಸಿ ಊರಿಗೆ ಹೊರಟ ಕೆಂಪು ಸೈನಿಕ. ಅದರಲ್ಲಿ ಹಳೆಯ ಸುಂಕಾಧಿಕಾರಿಗೆ ಹೆಂಡತಿ ದಿನವೂ ಬಟ್ಟಲು ತುಂಬ ಕಪ್ಪು ಕ್ಯಾವಿಯರ್ ಬಡಿಸುತ್ತಾಳೆ. ಅವನಿಗೋ ಬೇಕಿರುವುದು ಒಂದು ತುಂಡು ರೊಟ್ಟಿ. ಬಾಹ್ಯಾಕಾಶ ಯಾತ್ರಿಗಳು ಉಡಾವಣೆಗೆ ಮುನ್ನ ಈ ಚಿತ್ರ ನೋಡುವ ವಾಡಿಕೆ ಇದೆ.

ಕಟ್ಟುಕಥೆ, ಗ್ರಹಯಾನ, ಮಂಜು

ಮಕ್ಕಳ ಚಿತ್ರ ಎಂದರೆ ಅಧಿಕಾರಿಗಳ ಕಣ್ಣು ತುಸು ಮೃದುವಾಗುತ್ತಿತ್ತು. ಆ ಜಾಗದಲ್ಲಿ ಅಲೆಕ್ಸಾಂದ್ರ್ ಪ್ತುಶ್ಕೊ ಜನಪದ ಕಥೆಗಳನ್ನು ಅದ್ಭುತ ಟ್ರಿಕ್ ಛಾಯಾಗ್ರಹಣದಿಂದ ಕಟ್ಟಿದರು. ಅವರ ‘ದಿ ಸ್ಟೋನ್ ಫ್ಲವರ್’ (1946) ಬಣ್ಣಕ್ಕಾಗಿ ಕಾನ್‌ನಲ್ಲಿ ಪ್ರಶಸ್ತಿ ಪಡೆಯಿತು. ಆ ಬಣ್ಣ ಯುದ್ಧದಲ್ಲಿ ವಶವಾದ ಜರ್ಮನ್ ಅಗ್ಫಾ ಫಿಲಂನದು. ಪಾವೆಲ್ ಕ್ಲುಶಾಂತ್ಸೆವ್ ಶುಕ್ರಗ್ರಹದ ಯಾನವನ್ನು ‘ಪ್ಲಾನೆಟ್ ಆಫ್ ಸ್ಟಾರ್ಮ್ಸ್’ನಲ್ಲಿ (1962) ತೋರಿಸಿದರು.

ಅನಿಮೇಷನ್ನಿಗೆ 1936ರಲ್ಲಿ ಶುರುವಾದ ಸೊಯುಜ್‌ಮುಲ್ಟ್‌ಫಿಲ್ಮ್ ಸ್ಟುಡಿಯೊ. ಯೂರಿ ನಾರ್‌ಸ್ಟೈನ್ ಅವರ ‘ಹೆಜ್‌ಹಾಗ್ ಇನ್ ದಿ ಫಾಗ್’ (1975) ಹತ್ತು ನಿಮಿಷದ ಚಿತ್ರ. ಮುಳ್ಳುಹಂದಿಯ ತಲೆ, ಕಾಲು, ಕೈ ಬಿಡಿ ಬಿಡಿ ಕಾಗದದ ತುಂಡುಗಳು. ಅವನ್ನು ಒಂದರ ಮೇಲೊಂದು ಇರುವ ಗಾಜಿನ ಹಲಗೆಗಳ ಮೇಲೆ ಇಟ್ಟು, ಕೂದಲೆಳೆಯಷ್ಟು ಸರಿಸಿ, ಒಂದು ಫ್ರೇಮ್ ತೆಗೆದು, ಮತ್ತೆ ಸರಿಸುವುದು. ಮಂಜು ಹೇಗೆ ಬಂತು? ದೃಶ್ಯದ ಮೇಲೆ ತೀರಾ ತೆಳುವಾದ, ಹಿಂದಿನದು ಕಾಣುವ ಹಾಳೆ ಇಟ್ಟು, ಫ್ರೇಮ್ ಫ್ರೇಮಿಗೂ ಅದನ್ನು ಸ್ವಲ್ಪ ಸ್ವಲ್ಪ ಕ್ಯಾಮೆರಾ ಕಡೆಗೆ ಎತ್ತಿದರು. ಹಾಳೆ ಗೊಂಬೆಗೆ ತಾಗಿದ್ದಾಗ ಗೊಂಬೆ ಸ್ಪಷ್ಟ, ಮೇಲೆದ್ದಂತೆ ಮಸುಕು. ಮಂಜಿನಲ್ಲಿ ಬಿಳಿ ಕುದುರೆ ಕರಗುವುದು ಈ ಕಾಗದದ ಹಾಳೆಯಿಂದ.

ತಾರ್ಕೋವ್‌ಸ್ಕಿ, ಅಥವಾ ಕೆಟ್ಟುಹೋದ ನೆಗೆಟಿವ್

ಆಂದ್ರೆ ತಾರ್ಕೋವ್‌ಸ್ಕಿ ಸೋವಿಯತ್ ಒಕ್ಕೂಟದಲ್ಲಿ ಮಾಡಿದ ಪೂರ್ಣ ಉದ್ದದ ಚಿತ್ರಗಳು ಐದೇ. ‘ಆಂದ್ರೆ ರುಬ್ಲೆವ್’ 1966ರಲ್ಲಿ ಮುಗಿದರೂ ಅಲ್ಲಿನ ಜನಕ್ಕೆ ಸಿಕ್ಕಿದ್ದು 1971ರ ಕೊನೆಗೆ. ‘ಸೋಲಾರಿಸ್’ (1972) ವೈಜ್ಞಾನಿಕ ಕಥೆ ಎಂಬ ಹಣೆಪಟ್ಟಿಯಿಂದ ಪಾರಾಯಿತು.

‘ಸ್ಟಾಕರ್’ (1979) ಈ ಇಡೀ ಪದ್ಧತಿಯನ್ನು ಒಂದೇ ಚಿತ್ರದಲ್ಲಿ ತೋರಿಸುತ್ತದೆ. ನಿಷಿದ್ಧ ವಲಯವೊಂದರೊಳಕ್ಕೆ ಜನರನ್ನು ಕದ್ದು ಕರೆದೊಯ್ಯುವ ಮಾರ್ಗದರ್ಶಿಯ ಕಥೆ ಅದು. 1977ರಲ್ಲಿ ಎಸ್ಟೋನಿಯಾದ ತಾಲಿನ್ ಹತ್ತಿರ, ಪಾಳುಬಿದ್ದ ವಿದ್ಯುತ್ ಸ್ಥಾವರಗಳ ಸುತ್ತ ಹೊರಾಂಗಣ ಚಿತ್ರೀಕರಣ ನಡೆಯಿತು. ಬಳಸಿದ್ದು ವಿದೇಶಿ ವಿನಿಮಯ ಕೊಟ್ಟು ತರಿಸಿದ ಹೊಸ ಬಗೆಯ ಕೊಡಾಕ್ ನೆಗೆಟಿವ್. ಲ್ಯಾಬಿನ ಸಂಸ್ಕರಣೆಯಲ್ಲಿ ಅದು ಕೆಟ್ಟಿತು. ತಿಂಗಳುಗಟ್ಟಲೆಯ ಕೆಲಸ ನೋಡಲಾಗದಂತಾಯಿತು. ಛಾಯಾಗ್ರಾಹಕ ರೆರ್‌ಬೆರ್ಗ್ ಜೊತೆ ಸಂಬಂಧ ಮುರಿಯಿತು. ಒಂದು ಚಿತ್ರಕ್ಕೆ ಕೊಟ್ಟ ಹಣ ಮುಗಿದಿತ್ತು, ಎರಡನೆಯ ಸಲ ಕೊಡುವ ನಿಯಮ ಇರಲಿಲ್ಲ. ಆಗ ತಾರ್ಕೋವ್‌ಸ್ಕಿ ಇದನ್ನು ಎರಡು ಭಾಗದ ಚಿತ್ರ ಮಾಡುವುದಾಗಿ ಪ್ರಸ್ತಾವ ಇಟ್ಟರು: ಎರಡು ಭಾಗ ಎಂದರೆ ಹೊಸ ಬಜೆಟ್, ಹೊಸ ಫಿಲಂ. ಕಥೆಗಾರ ಸ್ತ್ರುಗಾತ್ಸ್ಕಿ ಸಹೋದರರು ಚಿತ್ರಕಥೆಯನ್ನು ಮತ್ತೆ ಬರೆದಾಗ ಒರಟನಾಗಿದ್ದ ನಾಯಕ ನಂಬಿಕೆಯಿಂದ ನಡುಗುವ ದುರ್ಬಲನಾದ. ನಾವು ಇಂದು ನೋಡುವುದು ಅಲೆಕ್ಸಾಂದ್ರ್ ಕ್ನ್ಯಾಜಿನ್‌ಸ್ಕಿ ತೆಗೆದ ಈ ಎರಡನೆಯ ಚಿತ್ರ. 161 ನಿಮಿಷಕ್ಕೆ ಸುಮಾರು 140 ಶಾಟ್ ಮಾತ್ರ. ಐಸೆನ್‌ಸ್ಟೀನ್ ಶಾಟ್‌ಗಳ ಕೂಡುವಿಕೆಯಲ್ಲಿ ಅರ್ಥ ಹುಡುಕಿದರೆ ಇವರು ಒಂದೇ ಶಾಟಿನೊಳಗೆ ಹರಿಯುವ ಕಾಲದಲ್ಲಿ ಹುಡುಕಿದರು.

ಗಣರಾಜ್ಯಗಳ ಸಿನಿಮಾಗಳನ್ನು ರಷ್ಯನ್ ಎಂದು ಕರೆದರೆ ತಪ್ಪಾಗುತ್ತದೆ. ದೊವ್‌ಜೆಂಕೊ ಅವರ ‘ಅರ್ತ್’ (1930) ಉಕ್ರೇನಿನದು. ಸೆರ್ಗೆಯ್ ಪರಾಜನೋವ್ ಜಾರ್ಜಿಯಾದಲ್ಲಿ ಹುಟ್ಟಿದ ಅರ್ಮೇನಿಯನ್, ‘ಶ್ಯಾಡೋಸ್ ಆಫ್ ಫರ್ಗಾಟನ್ ಆನ್ಸೆಸ್ಟರ್ಸ್’ ಅನ್ನು ಉಕ್ರೇನಿನ ಬೆಟ್ಟದ ಜನರ ಉಪಭಾಷೆಯಲ್ಲೇ ಮಾಡಿ, ರಷ್ಯನ್ ಡಬ್ಬಿಂಗ್ ಬೇಡ ಎಂದು ಹಟ ಹಿಡಿದರು. 1973ರಲ್ಲಿ ಅವರನ್ನು ಜೈಲಿಗೆ ಹಾಕಿದರು. ಅಲೆಕ್ಸಾಂದ್ರ್ ಅಸ್ಕೋಲ್ದೋವ್‌ರ ‘ಕಮಿಸಾರ್’ 1967ರಿಂದ ಇಪ್ಪತ್ತು ವರ್ಷ ಪೋಲ್ಕಾದ ಮೇಲಿತ್ತು. ಅವರಿಗೆ ಮತ್ತೊಂದು ಕಥಾಚಿತ್ರ ಮಾಡಲು ಬಿಡಲೇ ಇಲ್ಲ. 1986ರ ಮೇ ತಿಂಗಳ ಚಲನಚಿತ್ರಕಾರರ ಸಂಘದ ಸಮಾವೇಶ ಕ್ಲಿಮೋವ್‌ರನ್ನು ಮುಖ್ಯಸ್ಥರನ್ನಾಗಿ ಆರಿಸಿತು, ಅವರು ರಚಿಸಿದ ಆಯೋಗ ಶೆಲ್ಫಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿತು.

ನೋಡುವಾಗ ಎಲ್ಲಿ ಎಡವುತ್ತೇವೆ

ಒಂದೇ ಹೆಸರಿನಲ್ಲಿ ಹಲವು ಆವೃತ್ತಿಗಳಿರುವುದು ಮೊದಲ ತೊಡಕು. ‘ಪೊಟೆಮ್ಕಿನ್’ನ ಮೂಲ ನೆಗೆಟಿವ್ 1926ರಲ್ಲಿ ಜರ್ಮನಿಗೆ ಮಾರಾಟವಾಗಿ ಅಲ್ಲಿ ಕತ್ತರಿಗೆ ಸಿಕ್ಕಿತು. ಹಾಗಾಗಿ 2005ರಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನಗೊಂಡ ಮರುಸ್ಥಾಪಿತ ಆವೃತ್ತಿ ಹುಡುಕಿ. ಎಡ್ಮಂಡ್ ಮೈಸೆಲ್ ಸಂಗೀತ ಇರುತ್ತದೆ, ಹಡಗಿನ ಬಾವುಟ ಕೆಂಪಾಗಿರುತ್ತದೆ. ‘ಸರ್ಕಸ್’ನ ಜೋಗುಳದಲ್ಲಿ ನಟ ಸೊಲೊಮನ್ ಮಿಖೋಯೆಲ್ಸ್ ಯಿಡ್ಡಿಷ್ ಭಾಷೆಯಲ್ಲಿ ಒಂದು ಚರಣ ಹಾಡುತ್ತಾರೆ. 1948ರಲ್ಲಿ ಅವರ ಕೊಲೆಯಾದ ಮೇಲೆ ಅದನ್ನು ಕಿತ್ತುಹಾಕಿದರು, ಆಮೇಲೆ ಮತ್ತೆ ಸೇರಿಸಿದರು. ಆ ಚರಣ ಇದೆಯೇ ನೋಡಿಕೊಳ್ಳಿ. 1930ರ ದಶಕದ ಲೆನಿನ್ ಚಿತ್ರಗಳ ಮುಂದಿನ ಪ್ರಿಂಟ್‌ಗಳಲ್ಲಿ ಸ್ಟಾಲಿನ್‌ನನ್ನು ಕತ್ತರಿಸಿಯೋ ಮರೆಮಾಚಿಯೋ ಇದ್ದಾರೆ. ಕ್ಲುಶಾಂತ್ಸೆವ್‌ರ ಶುಕ್ರಯಾನ ಅಮೆರಿಕದಲ್ಲಿ ಹೊಸ ದೃಶ್ಯ ಹೊಲಿಸಿಕೊಂಡು ಎರಡು ಬೇರೆ ಚಿತ್ರಗಳಾಗಿ ಮಾರಾಟವಾಯಿತು. ‘ಸೋಲಾರಿಸ್’ 166 ನಿಮಿಷಕ್ಕಿಂತ ತೀರಾ ಚಿಕ್ಕದಿದ್ದರೆ ಅದು ಕತ್ತರಿಸಿದ್ದು. ‘ರುಬ್ಲೆವ್’ಗೆ 205 ನಿಮಿಷದ್ದೂ ಸುಮಾರು 185 ನಿಮಿಷದ್ದೂ ಎರಡೂ ನಿರ್ದೇಶಕನದೇ, ಮೊದಲ ಸಲಕ್ಕೆ ಚಿಕ್ಕದು ಸಾಕು.

ಮೂಕಿ ಚಿತ್ರಗಳಲ್ಲಿ ವೇಗದ ತೊಂದರೆ. ಸೆಕೆಂಡಿಗೆ 16ರಿಂದ 20 ಫ್ರೇಮಿನಂತೆ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಗೊಂಬೆಗಳಂತೆ ಕುಪ್ಪಳಿಸುತ್ತಾರೆ. ಇನ್ನೊಂದು, ಮುಂದೆ ಧ್ವನಿಪಟ್ಟಿ ಸೇರಿಸಿದ ಪ್ರಿಂಟ್‌ಗಳಲ್ಲಿ ಚಿತ್ರದ ಎಡ ಅಂಚು ಕತ್ತರಿಸಿಹೋಗಿದೆ. ವರ್ತೋವ್ 1930ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಬಿಟ್ಟುಹೋದ ಪ್ರಿಂಟಿನಿಂದ ಪೂರ್ಣ ಚೌಕಟ್ಟು ಮರಳಿ ಸಿಕ್ಕಿದೆ, ‘ಮೂವಿ ಕ್ಯಾಮೆರಾ’ವನ್ನು ಅದರಲ್ಲೇ ನೋಡಿ. ಬಣ್ಣ ಕೆಂಪಿಗೋ ನೀಲಿಗೋ ವಾಲಿದ್ದರೆ ಪ್ರತಿ ಸಲವೂ ನಿರ್ದೇಶಕ ಬೇಕೆಂದೇ ಮಾಡಿದ್ದು ಎಂದುಕೊಳ್ಳಬೇಡಿ, ಸ್ವದೇಶಿ ಸ್ವೇಮಾ ಫಿಲಂ ಮಾಸುವ ಬಗೆ ಅದು. ‘ಸ್ಟಾಕರ್’ನ ಕಂದು ಛಾಯೆ ಮಾತ್ರ ಬೇಕೆಂದೇ ಮಾಡಿದ್ದು, ನಿಷಿದ್ಧ ವಲಯದೊಳಗೆ ಕಾಲಿಟ್ಟ ಕೂಡಲೇ ಹಸಿರು ತೆರೆದುಕೊಳ್ಳುತ್ತದೆ.

ಮಾಸ್‌ಫಿಲ್ಮ್ 2011ರಿಂದ ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಚಿತ್ರಗಳನ್ನು ಹಾಕುತ್ತಿದೆ, ಹಲವಕ್ಕೆ ಇಂಗ್ಲಿಷ್ ಅಡಿಬರಹಗಳಿವೆ. ಹೊಸದಾಗಿ ನೋಡುವವರು ‘ಹೆಜ್‌ಹಾಗ್’ನಿಂದ ಶುರು ಮಾಡಿ, ಮರುದಿನ ‘ಕ್ರೇನ್ಸ್’, ಆಮೇಲೆ ‘ಡೈಮಂಡ್ ಆರ್ಮ್’, ‘ವೈಟ್ ಸನ್’, ‘ಐರನಿ ಆಫ್ ಫೇಟ್’. ‘ಪೊಟೆಮ್ಕಿನ್’ 70 ನಿಮಿಷದ ಚಿತ್ರ, ಇಷ್ಟಾದ ಮೇಲೆ ನೋಡಿದರೆ ಪಠ್ಯಪುಸ್ತಕದಂತೆ ಕಾಣುವುದಿಲ್ಲ. ‘ಸ್ಟಾಕರ್’ ಎರಡು ಭಾಗದ್ದು, ಮೊದಲ ಭಾಗ ಮುಗಿದಲ್ಲಿ ಎದ್ದು ಓಡಾಡಿ ಬಂದರೆ ತಪ್ಪಿಲ್ಲ. ‘ಕಮ್ ಅಂಡ್ ಸೀ’ಗೆ ಹೆಡ್‌ಫೋನ್ ಹಾಕಿಕೊಳ್ಳಿ, ಮನೆಯಲ್ಲಿ ಮಕ್ಕಳಿಲ್ಲದ ಹಗಲು ಹೊತ್ತು ಆರಿಸಿಕೊಳ್ಳಿ, ಅವತ್ತು ಬೇರೇನನ್ನೂ ನೋಡಬೇಡಿ.